ಅಪ್ಪಣೆ ದೀಪದಿಂದ, ಅನ್ನ ಬ್ಯಾಟರಿಯಿಂದ: ಹೈಬ್ರಿಡ್ ಕಾರಿಗೆ ನೀವೇ ಟ್ರೈಲರ್ ದೀಪ ಜೋಡಿಸುವ ಬಗೆ

ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲಕ್ಕೆ ರಾತ್ರಿ ಹೊತ್ತು ಬೈಕ್ ಓಡಿಸಿದವರಿಗೆ ಒಂದು ಭಯ ಗೊತ್ತು. ಎದುರಿನ ಬಸ್ಸಿನ ಹೆಡ್‌ಲೈಟಿಗೆ ಕಣ್ಣು ಕೋರೈಸಿ, ಬಸ್ಸು ದಾಟಿದ ಮೇಲೆ ನೋಡಿದರೆ ನಾಲ್ಕು ಮಾರು ಮುಂದೆ ಕಬ್ಬು ಹೇರಿಕೊಂಡ ಟ್ರೈಲರ್! ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ತಾತನ ಎತ್ತಿನಗಾಡಿಗಾದರೂ ಅಚ್ಚಿನ ಕೆಳಗೆ ಲಾಟೀನು ತೂಗುತ್ತಿತ್ತು. ಗಾಡಿ ಹೂಡಿದ ಮೇಲೆ ತಾತ ಹಿಂದಕ್ಕೆ ಇಪ್ಪತ್ತು ಹೆಜ್ಜೆ ನಡೆದುಹೋಗಿ, ತಿರುಗಿ ನಿಂತು, ಲಾಟೀನು ಕಾಣುತ್ತದೆಯೇ ಎಂದು ನೋಡಿಕೊಂಡು ಬಂದೇ ಮೂಕಿಯ ಮೇಲೆ ಕೂರುತ್ತಿದ್ದರು.

ಈಗ ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ಹಿತ್ತಿಲಿನ ಅವರೆ, ಬದನೆ ಪಾತಿಗಳಿಗೆ ಗೊಬ್ಬರ ತರಲು, ನವೆಂಬರಿನಲ್ಲಿ ರಾಜ್ಯೋತ್ಸವದ ವೇದಿಕೆ ಸಾಮಾನು ಸಾಗಿಸಲು ಒಂದು ಸಣ್ಣ ಟ್ರೈಲರ್ ಕೊಂಡೆ. ಎಳೆಯುವ ಕಾರು ಟೊಯೋಟಾ ರಾವ್4 ಹೈಬ್ರಿಡ್. ದೀಪದ ವೈರಿಂಗ್ ನಾನೇ ಮಾಡಿಕೊಂಡೆ. ಒಂದು ಶನಿವಾರ ಹಿಡಿಯಿತು. ಹೈಬ್ರಿಡ್ ಎಂದ ಕೂಡಲೇ ಹಿಂಜರಿಯುವ ಗೆಳೆಯರು ಬಹಳ. ಎಚ್ಚರ ಖಂಡಿತ ಬೇಕು, ಆದರೆ ಮಲ್ಟಿಮೀಟರ್ ಹಿಡಿಯಲು ಬರುವ ಯಾರು ಬೇಕಾದರೂ ಈ ಕೆಲಸ ಮಾಡಬಹುದು. ಅದಕ್ಕಾಗಿಯೇ ಈ ಬರಹ.

ಮೊದಲು ತೂಕ, ಆಮೇಲೆ ತಂತಿ

ಕಾರಿನ ಕೈಪಿಡಿಯಲ್ಲಿ ಎಳೆಯುವ ಮಿತಿ ಎಷ್ಟೆಂದು ನೋಡಿ. ಅಮೆರಿಕದಲ್ಲಿ ಮಾರಿದ 2019ರಿಂದ 2025ರವರೆಗಿನ ರಾವ್4 ಹೈಬ್ರಿಡ್‌ಗೆ 1,750 ಪೌಂಡ್, ಅಂದರೆ ಸುಮಾರು 794 ಕೆಜಿ. ನಮ್ಮವರ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಸಿಯೆನ್ನಾ ವ್ಯಾನ್ 2021ರಿಂದ ಹೈಬ್ರಿಡ್ ಆಗಿಯೇ ಬರುತ್ತಿದ್ದು, ಅದಕ್ಕೆ 3,500 ಪೌಂಡ್. ಈ ಲೆಕ್ಕದಲ್ಲಿ ಖಾಲಿ ಟ್ರೈಲರ್‌ನ ತೂಕವೂ ಸೇರಿರುತ್ತದೆ. ಹಳೆಯ ಪ್ರಿಯಸ್ ಕಾರುಗಳಿಗೆ ಇಲ್ಲಿನ ಕೈಪಿಡಿ ಟ್ರೈಲರ್ ಎಳೆಯುವುದನ್ನೇ ಶಿಫಾರಸು ಮಾಡುವುದಿಲ್ಲ. ಎಳೆಯುವ ಅನುಮತಿಯೇ ಇಲ್ಲದ ಕಾರಿಗೆ ದೀಪ ಎಷ್ಟು ಚೆನ್ನಾಗಿ ಹತ್ತಿದರೂ ಪ್ರಯೋಜನವಿಲ್ಲ.

ನಾಲ್ಕು ತಂತಿಯ ಭಾಷೆ

ಸಣ್ಣ ಟ್ರೈಲರ್‌ಗಳಿಗೆ ಇಲ್ಲಿ ಬಳಸುವುದು ನಾಲ್ಕು ಪಿನ್ನಿನ ಚಪ್ಪಟೆ ಪ್ಲಗ್. ಬಣ್ಣಗಳನ್ನು ಬಾಯಿಪಾಠ ಮಾಡಿಕೊಳ್ಳಿ:

- ಬಿಳಿ: ಅರ್ಥಿಂಗ್ (ಇಲ್ಲಿನವರು ಗ್ರೌಂಡ್ ಎನ್ನುತ್ತಾರೆ)
- ಕಂದು: ಹಿಂದಿನ ಮಂದ ದೀಪ, ಪಕ್ಕದ ದೀಪ, ನಂಬರ್ ಪ್ಲೇಟ್ ದೀಪ
- ಹಳದಿ: ಎಡಗಡೆಯ ಬ್ರೇಕ್ ಮತ್ತು ಇಂಡಿಕೇಟರ್
- ಹಸಿರು: ಬಲಗಡೆಯ ಬ್ರೇಕ್ ಮತ್ತು ಇಂಡಿಕೇಟರ್

ಕೊನೆಯ ಎರಡನ್ನು ಇನ್ನೊಮ್ಮೆ ಓದಿ. ಈ ಟ್ರೈಲರ್‌ಗಳಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಕೆಂಪು ದೀಪ. ನಮ್ಮ ಕಾರಿನಲ್ಲಾದರೋ ಬ್ರೇಕ್ ದೀಪಕ್ಕೆ ಒಂದು ತಂತಿ, ಇಂಡಿಕೇಟರಿಗೆ ಇನ್ನೊಂದು. ಬ್ರೇಕ್, ಎಡ, ಬಲ ಎಂದು ಕಾರು ಮೂರು ತಂತಿಯಲ್ಲಿ ಹೇಳುವುದನ್ನು ಟ್ರೈಲರ್‌ಗೆ ಎರಡೇ ತಂತಿಯಲ್ಲಿ ಮುಟ್ಟಿಸಬೇಕು. ಈ ಅನುವಾದ ಮಾಡುವ ಅಂಗೈಯಗಲದ ಪೆಟ್ಟಿಗೆಯೇ ಕನ್ವರ್ಟರ್. ಅದಿಲ್ಲದೆ ತಂತಿಗೆ ತಂತಿ ಹೊಸೆದರೆ, ಇಂಡಿಕೇಟರ್ ಹಾಕಿದಾಗ ಬ್ರೇಕ್ ದೀಪಗಳೂ ಮಿನುಗತೊಡಗುತ್ತವೆ.

ಇದು ಉತ್ತರ ಅಮೆರಿಕದ ಪದ್ಧತಿ. ಇಂಗ್ಲೆಂಡಿನಲ್ಲಿ, ಯುರೋಪಿನಲ್ಲಿ ಇರುವವರಿಗೆ 7 ಅಥವಾ 13 ಪಿನ್ನಿನ ದುಂಡನೆಯ ಪ್ಲಗ್. ಅಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಬೇರೆ ಬೇರೆ ತಂತಿ. ಈ ಬಣ್ಣಗಳ ಪಟ್ಟಿಯನ್ನು ಅಲ್ಲಿ ಬಳಸಬೇಡಿ.

ಕಾರಿನ ದೀಪದಿಂದಲೇ ಕರೆಂಟ್ ಎಳೆದರೆ ಏನಾಗುತ್ತದೆ?

ಟ್ರೈಲರ್‌ಗಳಲ್ಲಿ ಇಂದಿಗೂ ಬಹಳವಾಗಿ ಕಾಣುವುದು 1157 ನಂಬರಿನ ಹಳೆಯ ಬಲ್ಬು. ಅದರಲ್ಲಿ ಎರಡು ಎಳೆಗಳು. ಬ್ರೇಕಿನ ಎಳೆ 2.1 ಆಂಪಿಯರ್ ಕುಡಿಯುತ್ತದೆ, ಮಂದ ಎಳೆ 0.59 ಆಂಪಿಯರ್. ಎರಡೂ ಬದಿ ಸೇರಿ ಬ್ರೇಕಿಗೇ 4.2 ಆಂಪಿಯರ್ ಆಯಿತು. ಮಂದ ದೀಪ ಎರಡು, ಜೊತೆಗೆ 0.27 ಆಂಪಿಯರಿನ ಪಕ್ಕದ ಬಲ್ಬು ನಾಲ್ಕು ಎಂದರೆ ಇನ್ನೂ ಸುಮಾರು 2.3. ರಾತ್ರಿ ಬ್ರೇಕ್ ಒತ್ತಿದ ಗಳಿಗೆಯಲ್ಲಿ ಒಟ್ಟು ಆರೂವರೆ ಆಂಪಿಯರ್.

ಇಂದಿನ ಕಾರುಗಳಲ್ಲಿ ಹಿಂದಿನ ದೀಪಗಳನ್ನು ನಡೆಸುವುದು ಕಂಪ್ಯೂಟರ್ ಪೆಟ್ಟಿಗೆ. ಕಡಿಮೆ ಕರೆಂಟ್ ಸಾಕೆನ್ನುವ ಎಲ್‌ಇಡಿಗೆ ಹೊಂದಿಸಿ ಮಾಡಿದ ಸಾಲಿನ ಮೇಲೆ ಇಷ್ಟು ಹೊರೆ ಹೇರಿದರೆ ಫ್ಯೂಸ್ ಹೋಗಬಹುದು. ಗ್ರಹಚಾರ ಕೆಟ್ಟರೆ ಕಂಪ್ಯೂಟರ್ ಪೆಟ್ಟಿಗೆಯೇ ಸುಡಬಹುದು. ಆದ್ದರಿಂದ ಕೊಳ್ಳುವಾಗ ಬ್ಯಾಟರಿಯಿಂದ ನೇರ ಕರೆಂಟ್ ಪಡೆಯುವ ಕನ್ವರ್ಟರನ್ನೇ ಕೇಳಿ ಪಡೆಯಿರಿ. ಅದು ಕಾರಿನ ದೀಪದ ತಂತಿಯಿಂದ ‘ಈಗ ಬ್ರೇಕ್ ಬಿತ್ತು’ ಎಂಬ ಸುದ್ದಿಯನ್ನಷ್ಟೇ ಕೇಳಿಕೊಳ್ಳುತ್ತದೆ. ಟ್ರೈಲರ್ ಬಲ್ಬಿಗೆ ಬೇಕಾದ ಕರೆಂಟನ್ನು 12 ವೋಲ್ಟ್ ಬ್ಯಾಟರಿಯಿಂದ ತರುತ್ತದೆ. ಅಪ್ಪಣೆ ದೀಪದಿಂದ, ಅನ್ನ ಬ್ಯಾಟರಿಯಿಂದ. ಇಡೀ ಕೆಲಸದಲ್ಲಿ ಈ ಒಂದು ಮಾತು ನೆನಪಿಟ್ಟರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ.

ಹೈಬ್ರಿಡ್‌ನಲ್ಲಿ ಬೇರೆ ಏನಿದೆ?

ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿ. ಚಕ್ರ ತಿರುಗಿಸುವ ದೊಡ್ಡದು ನನ್ನ ರಾವ್4ನಲ್ಲಿ ಹಿಂದಿನ ಸೀಟಿನ ಕೆಳಗಿದೆ, ಅದರದು 244.8 ವೋಲ್ಟ್. ಅದರಿಂದ ಹೊರಡುವ ಕೇಬಲ್‌ಗಳಿಗೆ ಕಿತ್ತಳೆ ಬಣ್ಣ. ಕಿತ್ತಳೆ ಕಂಡಲ್ಲಿ ಕೈ ಹಿಂದಕ್ಕೆ. ಅಮೆರಿಕದಲ್ಲಿ ಮಾರಿದ, 2025ರವರೆಗಿನ ರಾವ್4 ಹೈಬ್ರಿಡ್‌ಗಳಿಗೆ ಹಿಂದಿನ ಚಕ್ರಗಳಿಗೂ ಮೋಟರ್ ಇರುವುದರಿಂದ ಕಾರಿನ ಹಿಂಭಾಗದ ಅಡಿಯಲ್ಲೂ ಕಿತ್ತಳೆ ಕೇಬಲ್ ಓಡಿರುತ್ತದೆ. ಹಾಗಾಗಿ ಡಿಕ್ಕಿಯ ನೆಲಕ್ಕೆ ಡ್ರಿಲ್ ಹಾಕಲೇಬೇಡಿ. ಹೊಸ ತಂತಿಯನ್ನು ಕಿತ್ತಳೆ ಕೇಬಲ್‌ಗೆ ಕಟ್ಟಲೂಬೇಡಿ.

ಇನ್ನೊಂದು ಬಣ್ಣದ ವಿಷಯ. ಟ್ರೈಲರ್‌ನಲ್ಲಿ ಹಳದಿ ಎಂದರೆ ಎಡ ಇಂಡಿಕೇಟರ್. ಅದೇ ಕಾರಿನ ಒಳಗೆ ಹಳದಿ ಕನೆಕ್ಟರ್ ಎಂದರೆ ಏರ್‌ಬ್ಯಾಗ್. ಡಿಕ್ಕಿಯ ಪಕ್ಕದ ಪ್ಲಾಸ್ಟಿಕ್ ಹಲಗೆ ಬಿಚ್ಚಿದಾಗ ಮೇಲ್ಭಾಗದಲ್ಲಿ ಹಳದಿ ಕನೆಕ್ಟರ್ ಕಂಡರೆ ಅದಕ್ಕೆ ಮೀಟರಿನ ಮೊನೆಯನ್ನೂ ತಾಗಿಸಬೇಡಿ.

ನಮ್ಮ ಕೆಲಸವೆಲ್ಲ ಎರಡನೆಯ ಬ್ಯಾಟರಿಯೊಂದಿಗೆ: 12 ವೋಲ್ಟಿನ ಸಣ್ಣದು. ಇದರಲ್ಲಿ ಒಂದು ಅನುಕೂಲವಿದೆ. ಬಹಳಷ್ಟು ಹೈಬ್ರಿಡ್‌ಗಳಲ್ಲಿ ಈ ಬ್ಯಾಟರಿ ಬಾನೆಟ್ಟಿನ ಕೆಳಗಿರದೆ ಡಿಕ್ಕಿಯಲ್ಲೇ ಇರುತ್ತದೆ. 2004ರಿಂದ 2015ರವರೆಗಿನ ಪ್ರಿಯಸ್‌ನಲ್ಲಿ ಡಿಕ್ಕಿಯ ಬಲಮೂಲೆಯಲ್ಲಿ. ನನ್ನ ರಾವ್4ನಲ್ಲೂ ಡಿಕ್ಕಿಯಲ್ಲೇ. ಮಾಮೂಲಿ ಕಾರಿನಲ್ಲಿ ಮುಂದಿನಿಂದ ಹಿಂದಕ್ಕೆ ಎಳೆದು ತರಬೇಕಾದ ಉದ್ದನೆಯ ವೈರು ಇಲ್ಲಿ ಒಂದೆರಡು ಮಾರಿನಲ್ಲಿ ಮುಗಿಯುತ್ತದೆ. ಬ್ಯಾಟರಿ ಜನ ಕೂರುವ ಜಾಗದಲ್ಲೇ ಇರುವುದರಿಂದ ಅದರ ಅನಿಲ ಹೊರಹೋಗಲು ಒಂದು ಸಣ್ಣ ಕೊಳವೆ ಇರುತ್ತದೆ. ಕೈ ತಗುಲಿ ಅದು ಕಳಚಿದ್ದರೆ ಮತ್ತೆ ಸಿಕ್ಕಿಸುವುದನ್ನು ಮರೆಯಬೇಡಿ.

ಈ ಸಣ್ಣ ಬ್ಯಾಟರಿ ಬರಿದಾದರೆ ಪಕ್ಕದಲ್ಲಿ 244 ವೋಲ್ಟ್ ತುಂಬಿ ತುಳುಕುತ್ತಿದ್ದರೂ ಕಾರು ಏಳುವುದಿಲ್ಲ, ಏಕೆಂದರೆ ಕಂಪ್ಯೂಟರುಗಳನ್ನು ಎಬ್ಬಿಸುವುದು ಇದೇ. ಕಾರು ಹೊರಡಲು ಸಿದ್ಧವಾದ ‘ರೆಡಿ’ ಸ್ಥಿತಿಯಲ್ಲಿದ್ದಾಗ ಮಾತ್ರ ಇದಕ್ಕೆ ಚಾರ್ಜ್ ಸೇರುತ್ತದೆ. ಪರೀಕ್ಷೆ ಮಾಡುತ್ತಾ ಅರ್ಧ ಗಂಟೆ ದೀಪ ಉರಿಸಬೇಡಿ.

ಹೊಂದಿಸಿಕೊಳ್ಳಬೇಕಾದದ್ದು

ನೇರ ಬ್ಯಾಟರಿ ಕರೆಂಟಿನ ಕನ್ವರ್ಟರ್ ಕಿಟ್ ಒಂದು. ನಿಮ್ಮ ಮಾಡೆಲ್‌ಗೆಂದೇ ಮಾಡಿದ, ದೀಪಕ್ಕೂ ಕಾರಿನ ಕನೆಕ್ಟರಿಗೂ ನಡುವೆ ಸಿಕ್ಕಿಸುವ ಟಿ-ಹಾರ್ನೆಸ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾರಿನ ಒಂದು ತಂತಿಯನ್ನೂ ಕತ್ತರಿಸಬೇಕಿಲ್ಲ. ಉಳಿದಂತೆ ಮಲ್ಟಿಮೀಟರ್, 10 ಎಂಎಂ ಸ್ಪ್ಯಾನರ್, ಪ್ಲಾಸ್ಟಿಕ್ ಕ್ಲಿಪ್ ಎಬ್ಬಿಸುವ ಮೀಟುಗೋಲು, ವೈರ್ ಸ್ಟ್ರಿಪ್ಪರ್, ಕ್ರಿಂಪ್ ಮಾಡುವ ಇಕ್ಕಳ, ಹೀಟ್ ಶ್ರಿಂಕ್ ಹೊದಿಕೆಯ ಕನೆಕ್ಟರ್‌ಗಳು, ಸ್ಯಾಂಡ್ ಪೇಪರ್, ಕೇಬಲ್ ಟೈ, ಪ್ಲಗ್ಗಿಗೆ ಹಚ್ಚುವ ಡೈಎಲೆಕ್ಟ್ರಿಕ್ ಗ್ರೀಸ್. ಬಲ್ಬು ಇರುವ ಹಳೆಯ ಟೆಸ್ಟ್ ಲ್ಯಾಂಪ್ ಬೇಡ. ಅದೇ ಕರೆಂಟ್ ಎಳೆದು ಕಂಪ್ಯೂಟರ್ ಸಾಲಿಗೆ ತೊಂದರೆ ಮಾಡಬಹುದು.

ಕೆಲಸದ ಕ್ರಮ

1. ಕಾರನ್ನು ಪೂರ್ತಿ ಆಫ್ ಮಾಡಿ ಕೀಯನ್ನು ಮನೆಯೊಳಗೆ ಇಟ್ಟುಬನ್ನಿ. ಹೈಬ್ರಿಡ್ ರೆಡಿಯಲ್ಲಿದ್ದಾಗಲೂ ಸದ್ದೇ ಇರುವುದಿಲ್ಲ. ಎಂಜಿನ್ ಸುಮ್ಮನಿದೆ ಎಂದರೆ ಕಾರು ಆಫ್ ಆಗಿದೆ ಎಂದು ಅರ್ಥವಲ್ಲ.

2. ಹಿಂದಿನ ದೀಪದ ಗುಚ್ಛಗಳನ್ನು ಬಿಚ್ಚಿ. ಬೋಲ್ಟ್ ತೆಗೆದ ಮೇಲೆ ಪಕ್ಕಕ್ಕೆ ತಿರುಚದೆ ನೇರ ಹಿಂದಕ್ಕೆ ಎಳೆಯಿರಿ. ಬಣ್ಣಕ್ಕೆ ಗೀರು ಬೀಳದಂತೆ ಬಂಪರ್ ಮೇಲೆ ಹಳೆಯ ಟವೆಲ್ ಹಾಸಿ.

3. ಟಿ-ಹಾರ್ನೆಸ್ ಸಿಗದಿದ್ದರೆ ಯಾವ ತಂತಿ ಯಾವುದಕ್ಕೆ ಎಂದು ಮೀಟರಿನಿಂದ ಗುರುತಿಸಿ. ಇದಕ್ಕಷ್ಟೇ ಕೀ ತಂದು (ಕಾರು ರೆಡಿಯಾಗದಂತೆ ಆನ್ ಮಾಡುವ ಬಗೆ ಕೆಳಗಿದೆ) ಒಬ್ಬರು ಬ್ರೇಕ್ ಒತ್ತಲಿ, ಇಂಡಿಕೇಟರ್ ಹಾಕಲಿ. ನೀವು ಕನೆಕ್ಟರಿನ ಹಿಂಬದಿಯಿಂದ ಅಳೆದು, ಪ್ರತಿ ತಂತಿಗೂ ಹೆಸರು ಬರೆದ ಟೇಪಿನ ಚೂರು ಅಂಟಿಸಿ. ಮಂದ ದೀಪದ ತಂತಿ 12 ವೋಲ್ಟಿಗಿಂತ ತೀರಾ ಕಡಿಮೆ ತೋರಿಸಿದರೆ ಆ ಎಲ್‌ಇಡಿ ಅತಿ ವೇಗದ ಮಿಡಿತದಲ್ಲಿ ನಡೆಯುತ್ತಿದೆ ಎಂದರ್ಥ. ಅಂಥ ದೀಪಕ್ಕೆ ಹೊಂದುತ್ತದೆ ಎಂದು ಕಿಟ್‌ನ ಮೇಲೆ ಬರೆದಿರಬೇಕು.

4. ಈಗ ಕಾರನ್ನು ಮತ್ತೆ ಆಫ್ ಮಾಡಿ, 12 ವೋಲ್ಟ್ ಬ್ಯಾಟರಿಯ ಮೈನಸ್ ಬಿಚ್ಚಿ, ಕನಿಷ್ಠ 90 ಸೆಕೆಂಡ್ ಕಾಯಿರಿ. ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಉಳಿದ ಕರೆಂಟ್ ಇಳಿಯಲು ಅಷ್ಟು ಹೊತ್ತು ಬೇಕು. ಡಿಕ್ಕಿಯ ಬಾಗಿಲನ್ನು ಮಾತ್ರ ಮುಚ್ಚಬೇಡಿ! ಅದರ ಚಿಲಕ ಕರೆಂಟಿನಿಂದ ತೆರೆಯುವಂಥದ್ದು. ಬ್ಯಾಟರಿ ಒಳಗೆ, ನೀವು ಹೊರಗೆ ಆಗುತ್ತೀರಿ.

5. ಕನ್ವರ್ಟರ್ ಪೆಟ್ಟಿಗೆಯನ್ನು ಡಿಕ್ಕಿಯ ಪಕ್ಕದ ಹಲಗೆಯ ಹಿಂದೆ, ನೀರು ತಾಗದ ಕಡೆ ಕೂರಿಸಿ.

6. ಬ್ರೇಕ್, ಮಂದ ದೀಪ, ಎಡ, ಬಲ ಎಂಬ ನಾಲ್ಕು ಸುದ್ದಿ ತಂತಿಗಳನ್ನು ಕಿಟ್‌ನ ಚೀಟಿಯಲ್ಲಿರುವಂತೆ ಸೇರಿಸಿ. ಎದುರು ಬದಿಯ ಇಂಡಿಕೇಟರಿನ ಉದ್ದನೆಯ ತಂತಿಯನ್ನು ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಹಾಯಿಸಿ. ಕಿಟ್ ಜೊತೆ ಬರುವ, ತಂತಿಯನ್ನು ಕಚ್ಚಿ ಹಿಡಿಯುವ ಕ್ಲಿಪ್‌ಗಳು ವರ್ಷ ಕಳೆದಂತೆ ಸಡಿಲಾಗುತ್ತವೆ. ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಹೊದಿಸಿ.

7. ಬಿಳಿ ತಂತಿಗೆ ಕಾರಿನ ಕಬ್ಬಿಣದ ಮೈ ಬೇಕು. ಹತ್ತಿರದಲ್ಲಿ ಕಂಪನಿಯದೇ ಅರ್ಥಿಂಗ್ ಬೋಲ್ಟ್ ಇದ್ದರೆ ಅದಕ್ಕೇ ಕಟ್ಟಿ. ಬ್ಯಾಟರಿಯ ಮೈನಸ್ ತುದಿಗೆ ಕಟ್ಟಬೇಡಿ. ಅನೇಕ ಹೊಸ ಕಾರುಗಳಲ್ಲಿ ಅಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಕೂತಿದ್ದು, ಅದರ ಲೆಕ್ಕ ತಪ್ಪುತ್ತದೆ.

8. ಕನ್ವರ್ಟರಿನ ಕರೆಂಟ್ ವೈರನ್ನು ಬ್ಯಾಟರಿಯ ಪ್ಲಸ್‌ಗೆ ತನ್ನಿ. ಫ್ಯೂಸ್ ಹೋಲ್ಡರ್ ಬ್ಯಾಟರಿಗೆ ಗೇಣಳತೆಯೊಳಗೆ ಇರಲಿ. ದಾರಿಯಲ್ಲಿ ವೈರು ಎಲ್ಲಾದರೂ ಉಜ್ಜಿ ಮೈಗೆ ತಾಗಿದರೆ ಬೆಂಕಿಯನ್ನು ತಡೆಯುವುದು ಅದೊಂದೇ. ಫ್ಯೂಸಿನ ಆಂಪಿಯರ್ ಕಿಟ್ ಹೇಳಿದಷ್ಟೇ ಇರಲಿ. ಪದೇ ಪದೇ ಹೋಗುತ್ತಿದೆ ಎಂದು ದೊಡ್ಡದು ಹಾಕಬೇಡಿ. ಫ್ಯೂಸನ್ನು ಈಗಲೇ ಸಿಕ್ಕಿಸದೆ ಜೇಬಿನಲ್ಲಿಟ್ಟುಕೊಳ್ಳಿ.

9. ನಾಲ್ಕು ಪಿನ್ನಿನ ತುದಿಯನ್ನು ದೀಪದ ಹಿಂದಿರುವ ರಬ್ಬರ್ ಮುಚ್ಚಳದ ಮೂಲಕವೋ ಬಾಗಿಲ ಬೀಡಿಂಗ್ ಕೆಳಗಿನಿಂದಲೋ ಹೊರತನ್ನಿ. ಸೈಲೆನ್ಸರ್ ಕೊಳವೆಯಿಂದ ದೂರವಿರಲಿ. ಕಾರಿನ ಕಡೆಯ ಪ್ಲಗ್ಗಿನಲ್ಲಿ ಮೂರು ತೂತು, ಒಂದು ಚಾಚಿದ ಪಿನ್, ಚಾಚಿದ್ದು ಅರ್ಥಿಂಗ್. ಕರೆಂಟ್ ಇರುವ ಮೂರೂ ರಬ್ಬರಿನೊಳಗೆ ಮುಚ್ಚಿಕೊಂಡಿರುವುದರಿಂದ ಪ್ಲಗ್ ಎಲ್ಲಿ ತಾಗಿದರೂ ಶಾರ್ಟ್ ಆಗುವುದಿಲ್ಲ.

10. ಬ್ಯಾಟರಿಯ ಮೈನಸ್ ಮರಳಿ ಕಟ್ಟಿ, ಕಡೆಯಲ್ಲಿ ಫ್ಯೂಸ್ ಹಾಕಿ.

ಕಾರು ರೆಡಿಯಾಗದಂತೆ ಪರೀಕ್ಷೆ

ಒಬ್ಬರು ಕಾರಿನ ಹಿಂದೆ ಬಗ್ಗಿ ನಿಂತಾಗ ಇನ್ನೊಬ್ಬರು ಬ್ರೇಕ್ ಒತ್ತಿ ಪವರ್ ಬಟನ್ ಅದುಮಿದರೆ ಕಾರು ಸದ್ದಿಲ್ಲದೆ ಹೊರಡಲು ಸಿದ್ಧವಾಗಿಬಿಡುತ್ತದೆ. ಅದರ ಅಗತ್ಯವೇ ಇಲ್ಲ. ಬ್ರೇಕ್ ದೀಪ, ನಾಲ್ಕೂ ಒಟ್ಟಿಗೆ ಮಿನುಗುವ ಹಜಾರ್ಡ್ ದೀಪ ಇವೆರಡೂ ಕಾರು ಆಫ್ ಇದ್ದರೂ ಹತ್ತುತ್ತವೆ. ಇಂಡಿಕೇಟರಿಗೆ ಮಾತ್ರ ಆನ್ ಸ್ಥಿತಿ ಬೇಕು: ಬ್ರೇಕ್ ಮೇಲಿನ ಕಾಲು ತೆಗೆದು ಪವರ್ ಬಟನ್ನನ್ನು ಎರಡು ಸಲ ಒತ್ತಿ. ಡ್ಯಾಶ್‌ಬೋರ್ಡಿನಲ್ಲಿ ರೆಡಿ ಎಂಬ ಅಕ್ಷರ ಕಾಣಬಾರದು. ಮಂದ ದೀಪವನ್ನೂ ಇದೇ ಸ್ಥಿತಿಯಲ್ಲಿ ಹಚ್ಚಿ ನೋಡಬಹುದು.

ಕೊನೆಯದಾಗಿ ಎರಡನ್ನು ಕೂಡಿಸಿ ನೋಡಿ. ಬ್ರೇಕ್ ಒತ್ತಿ ಹಿಡಿದು ಎಡ ಇಂಡಿಕೇಟರ್ ಹಾಕಿದರೆ ಟ್ರೈಲರ್‌ನ ಎಡದೀಪ ಮಿನುಗಬೇಕು, ಬಲದೀಪ ನಿಶ್ಚಲವಾಗಿ ಉರಿಯಬೇಕು. ಬಲಕ್ಕೂ ಹೀಗೆಯೇ. ಇಷ್ಟಾದರೆ ಕನ್ವರ್ಟರ್ ತನ್ನ ಕೆಲಸ ಕಲಿತಿದೆ ಎಂದಾಯಿತು.

ದೀಪ ತಪ್ಪು ಹೇಳಿದಾಗ

ನನಗೆ ಮೊದಲ ಸಲ ಸರಿಹೋಗಲಿಲ್ಲ. ಮಗಳು ಸ್ಟಿಯರಿಂಗ್ ಮುಂದೆ ಕೂತಿದ್ದಳು. ‘ಎಡಗಡೆ ಹಾಕು ಪುಟ್ಟಿ’ ಎಂದೆ. ಎಡದೀಪ ಮಂಕಾಗಿ ಮಿನುಗಿತು, ಜೊತೆಗೆ ಬಲದ್ದೂ ಸಣ್ಣಗೆ ಮಿಣುಕಿತು. ‘ಬ್ರೇಕ್ ಒತ್ತು’ ಎಂದರೆ ಇದ್ದ ಮಂದ ಬೆಳಕೂ ಇಳಿದುಹೋಯಿತು. ಕಾರಿನ ಪ್ಲಗ್ಗಿನಲ್ಲಿ ಅಳೆದೆ. ಎಲ್ಲವೂ ಸರಿಯಾಗಿ 12 ವೋಲ್ಟ್. ತಪ್ಪು ಟ್ರೈಲರ್‌ನ ಕಡೆಗಿತ್ತು. ಬಿಳಿ ತಂತಿಯನ್ನು ನಾನು ಪೇಂಟ್ ಹೊಡೆದ ಚೌಕಟ್ಟಿನ ಮೇಲೆಯೇ ಬೋಲ್ಟ್ ಮಾಡಿದ್ದೆ.

ಕರೆಂಟ್ ಹೋದ ಮೇಲೆ ವಾಪಸು ಬರಲು ದಾರಿ ಬೇಕು. ಬಿಳಿ ತಂತಿಯ ದಾರಿ ಮುಚ್ಚಿದ್ದರೆ ಅದು ಇನ್ನೊಂದು ಬಲ್ಬಿನ ಎಳೆಯೊಳಗೆ ನುಸುಳಿ ಬರಲು ನೋಡುತ್ತದೆ. ಅದಕ್ಕೇ ಎಡಕ್ಕೆ ಹಾಕಿದರೆ ಬಲದ್ದೂ ಮಿಣುಕುವುದು. ಬೋಲ್ಟ್ ಬಿಚ್ಚಿ, ನಾಲ್ಕಾಣೆ ಅಗಲದಷ್ಟು ಜಾಗದ ಪೇಂಟನ್ನು ಕಬ್ಬಿಣ ಹೊಳೆಯುವವರೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಮತ್ತೆ ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಪ್ಲಗ್ಗಿನ ಬಿಳಿಯಿಂದ ಚೌಕಟ್ಟಿಗೆ ಮೀಟರ್ ಹಿಡಿದರೆ ಒಂದು ಓಮ್‌ಗಿಂತಲೂ ಕಡಿಮೆ. ‘ಅಪ್ಪಾ, ಈಗ?’ ಎಂದು ಒಳಗಿಂದ ಕೂಗಿ ಬ್ರೇಕ್ ಒತ್ತಿದಳು. ಎರಡೂ ಕೆಂಪಗೆ ಝಗ್ಗೆಂದವು.

ಟ್ರೈಲರ್ ಸಿಕ್ಕಿಸುವ ಹಿಚ್ಚಿನ ಗುಂಡು ಹೇಗೂ ಕಬ್ಬಿಣ, ಅದರ ಮೂಲಕವೇ ಅರ್ಥಿಂಗ್ ಸಿಗುತ್ತದೆ ಎಂದು ಬಿಳಿ ತಂತಿಯನ್ನು ಬಿಡುವವರಿದ್ದಾರೆ. ಗುಂಡಿಗೆ ಗ್ರೀಸ್ ಇರುತ್ತದೆ, ರಸ್ತೆಯ ಗುಂಡಿಗಳಲ್ಲಿ ಅದು ಎದ್ದು ಕೂರುತ್ತದೆ. ದೀಪ ಹತ್ತಿ ಆರಿ ಆಡುತ್ತದೆ.

ಉಳಿದ ತೊಂದರೆಗಳು ಸರಳ. ಒಂದು ಬದಿ ಮಾತ್ರ ಸತ್ತಿದ್ದರೆ ಬಲ್ಬನ್ನೋ ಆ ಬದಿಯ ತಂತಿಯನ್ನೋ ನೋಡಿ. ಎಲ್ಲವೂ ಸತ್ತಿದ್ದರೆ ಮೊದಲು ಫ್ಯೂಸ್, ಆಮೇಲೆ ಬಿಳಿ ತಂತಿ. ಎಡ ಬಲ ಅದಲುಬದಲಾಗಿದ್ದರೆ ಹಳದಿ ಹಸಿರು ತಿರುವುಮುರುವಾಗಿವೆ. ಟ್ರೈಲರ್ ಬಲ್ಬುಗಳನ್ನು ತೆಗೆದು ಎಲ್‌ಇಡಿ ಹಾಕಿಸಿದರೆ ಹೊರೆಯೂ ಇಳಿಯುತ್ತದೆ, ನೀರು ನುಗ್ಗುವ ಕಾಟವೂ ಕಡಿಮೆ. ಆದರೆ ಕನ್ವರ್ಟರ್ ಬೇಕೇ ಬೇಕು. ಮೂರು ತಂತಿಯ ಮಾತನ್ನು ಎರಡಕ್ಕೆ ಇಳಿಸುವ ಕೆಲಸ ಹಾಗೆಯೇ ಉಳಿದಿರುತ್ತದೆ.

ಕಾನೂನು ಏನು ಕೇಳುತ್ತದೆ?

ಅಮೆರಿಕದಲ್ಲಿ ವಾಹನ ದೀಪಗಳಿಗೆ ಕೇಂದ್ರ ಸರ್ಕಾರದ 108ನೇ ಸುರಕ್ಷತಾ ಮಾನದಂಡವಿದೆ. ಮಂದ ದೀಪ, ಬ್ರೇಕ್, ಇಂಡಿಕೇಟರ್, ಪಕ್ಕದ ರಿಫ್ಲೆಕ್ಟರ್, ನಂಬರ್ ಪ್ಲೇಟಿನ ದೀಪ ಇವೆಲ್ಲ ಅದರಲ್ಲಿ ಸೇರಿವೆ. ಟ್ರೈಲರ್‌ನ ಅಗಲ 80 ಇಂಚು ಮುಟ್ಟಿದರೆ ಹಿಂದೆ ನಡುವಿನಲ್ಲಿ ಸಾಲಾಗಿ ಮೂರು ಕೆಂಪು ದೀಪ, ಅಂಚುಗಳಲ್ಲಿ ಅಗಲ ತೋರಿಸುವ ದೀಪ ಕೂಡ ಬೇಕು. ನಂಬರ್ ಪ್ಲೇಟಿನ ಮೇಲೆ ಬೆಳಕು ಬೀಳಿಸುವ ಕಿಟಕಿ ಸಾಮಾನ್ಯವಾಗಿ ಎಡದೀಪದಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಎಡ ಬಲ ದೀಪಗಳನ್ನು ಕೂರಿಸುವಾಗ ನೋಡಿಕೊಳ್ಳಿ.

ವಾರಂಟಿಯ ಅಂಜಿಕೆ ಇರುವವರಿಗೊಂದು ಮಾತು. ಹೊರಗಿನ ಸಾಮಾನು ಹಾಕಿದ್ದೀರಿ ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ತಳ್ಳಿಹಾಕಲು 1975ರ ಮ್ಯಾಗ್ನಸನ್-ಮಾಸ್ ಕಾಯಿದೆ ಬಿಡುವುದಿಲ್ಲ. ಆದರೆ ನಿಮ್ಮ ಜೋಡಣೆಯಿಂದಲೇ ಹಾನಿಯಾದರೆ ಆ ರಿಪೇರಿಯ ಖರ್ಚು ನಿಮ್ಮದೇ. ತಂತಿ ಕತ್ತರಿಸದ ಟಿ-ಹಾರ್ನೆಸ್ ಇಲ್ಲಿಯೂ ಕೈ ಹಿಡಿಯುತ್ತದೆ.

ಪ್ರತಿ ಸಲ ಹೊರಡುವ ಮುನ್ನ

ಪ್ಲಗ್ ಸಿಕ್ಕಿಸಿದ ಮೇಲೆ ತಂತಿ ನೆಲಕ್ಕೆ ಎಳೆಯದಂತೆ, ಆದರೆ ತಿರುವಿನಲ್ಲಿ ಬಿಗಿಯದಷ್ಟು ಸಡಿಲ ಬಿಟ್ಟು ಕಟ್ಟಿ. ಸುರಕ್ಷತಾ ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಹಾಯಿಸಿ ಕೊಕ್ಕೆ ಹಾಕಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರಾದರೆ ತಿಂಗಳಿಗೊಮ್ಮೆ ಪ್ಲಗ್ಗಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ, ಒರೆಸಿ, ಗ್ರೀಸ್ ಹಚ್ಚಿ.

ಆಮೇಲೆ ಹಜಾರ್ಡ್ ದೀಪ ಹಾಕಿ, ಕಾರಿನಿಂದ ಇಳಿದು, ಹಿಂದಕ್ಕೆ ಇಪ್ಪತ್ತು ಹೆಜ್ಜೆ ನಡೆಯಿರಿ. ನಿಮ್ಮ ಹಿಂದೆ ಬರುವ ಅಪರಿಚಿತರು ಎಲ್ಲಿಂದ ನೋಡುತ್ತಾರೋ ಅಲ್ಲಿ ನಿಂತು ನೋಡಿ. ಮಲ್ಟಿಮೀಟರ್ ಎಂದರೇನೆಂದೇ ಗೊತ್ತಿಲ್ಲದಿದ್ದರೂ ನಮ್ಮ ತಾತ ಈ ಪರೀಕ್ಷೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ.